ಗೋಡೆ ಒಡೆಯುವ ಪ್ರೋಗ್ರಾಮಿನ ನಿಯಮಗಳು

ಕಂಪ್ಯೂಟರನ್ನು ಕಣ್ಣಿಂದ ನೋಡುವ ಮೊದಲೇ ನಾನು ಅದಕ್ಕೆ ಕನ್ನ ಹಾಕುವ ಕಾನೂನು ಬರೆದು ಮುಗಿಸಿದ್ದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ರಾಜಾಜಿನಗರದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನಾನು ಗುಮಾಸ್ತ. ಬೆಳಗಿನಿಂದ ಸಂಜೆವರೆಗೆ ಗ್ರೀಸ್ ವಾಸನೆಯಲ್ಲಿ ಕೂತು, ಕೇಳಿದವರಿಗೆ ನಟ್ಟು ಬೋಲ್ಟು ಎತ್ತಿಕೊಡುವುದು ನನ್ನ ಕೆಲಸ. ಪಕ್ಕದ ಡಿಸ್ಪ್ಯಾಚ್ ವಿಭಾಗದಲ್ಲಿ ನನ್ನ ಗೆಳೆಯನಿದ್ದ. ಅವನ ಭಾವ ಎಲ್ಲಿಂದಲೋ ಒಂದು ಇಂಗ್ಲಿಷ್ ಆಟದ ಪುಸ್ತಕದ ಝೆರಾಕ್ಸ್ ತಂದುಕೊಟ್ಟಿದ್ದ. ಬೋರ್ಡಿಲ್ಲ, ಕಾಯಿಲ್ಲ. ಮುಂದಿನ ಶತಮಾನದ ಊರೊಂದರಲ್ಲಿ ನಾವು ಕಂಪ್ಯೂಟರ್ ಕಳ್ಳರು, ಅಂದರೆ ಹ್ಯಾಕರ್‌ಗಳು, ಎಂದುಕೊಂಡು ಬಾಯಲ್ಲೇ ಆಡಬೇಕು. ಗೆದ್ದೆವೋ ಸೋತೆವೋ ದಾಳ ಹೇಳುತ್ತದೆ.

ಎಡವಟ್ಟೇನೆಂದರೆ, ಹ್ಯಾಕರ್ ಪ್ರೋಗ್ರಾಂ ಬರೆಯುವುದು ಹೇಗೆಂದು ವಿವರಿಸುವ ಪುಟಗಳೇ ಝೆರಾಕ್ಸಿನಲ್ಲಿ ಮಸಿ ಬಳಿದ ಹಾಗೆ ಕಪ್ಪಾಗಿದ್ದವು. ಬೇರೆ ಯಾರಾದರೂ ಆಗಿದ್ದರೆ ಆಟವನ್ನೇ ಬಿಡುತ್ತಿದ್ದರು. ನಾನು ಬಿಡುವ ಜಾತಿಯೇ? ಒಂದು ಲಾಂಗ್ ನೋಟ್‌ಬುಕ್ ತಂದು ನಿಯಮಗಳನ್ನು ನಾನೇ ಬರೆದೆ. ಗೋಡೆ ಒಡೆಯುವ ಪ್ರೋಗ್ರಾಮಿಗೆ ಶಕ್ತಿ ಮೂರು, ಬರೆಯಲು ಆರು ದಿನ. ಕಾವಲು ನಾಯಿ ಮಲಗಿಸುವ ಪ್ರೋಗ್ರಾಮಿಗೆ ಶಕ್ತಿ ಎರಡು, ಬರೆಯಲು ನಾಲ್ಕು ದಿನ. ಮೂಲ ಆಟಕ್ಕೆ ಹತ್ತು ಮುಖದ ದಾಳ ಬೇಕಿತ್ತು. ಅಂಥದ್ದನ್ನು ನಾವಿದ್ದ ವಿಜಯನಗರ ಬಡಾವಣೆಯಲ್ಲಿ ಯಾರೂ ಕಂಡವರಿಲ್ಲ. ಅಮ್ಮನ ಚೌಕಾಬಾರದ ನಾಲ್ಕು ಕವಡೆ ಇದ್ದವು. ಪ್ರೋಗ್ರಾಮಿನ ಶಕ್ತಿಯಷ್ಟೋ ಅದಕ್ಕಿಂತ ಹೆಚ್ಚೋ ಬಿದ್ದರೆ ಅದು ಓಡುತ್ತದೆ. ಕಡಿಮೆ ಬಿದ್ದರೆ ಕಾವಲಿನವರು ಬಂದು ಹಿಡಿಯುತ್ತಾರೆ.

ಭಾನುವಾರ ಮಧ್ಯಾಹ್ನ ಅದೇ ಬಡಾವಣೆಯ ಹೊಸಹಳ್ಳಿಯಲ್ಲಿದ್ದ ನಮ್ಮ ಮನೆ ಜಗಲಿಯ ಮೇಲೆ ಆಟ. ಗೆಳೆಯ ಕವಡೆ ಹಾಕಿದರೆ ಬರೀ ಒಂದು. ಸಿಕ್ಕಿಬಿದ್ದವನು ಮತ್ತೆ ಮೊದಲಿಂದ ಪ್ರೋಗ್ರಾಂ ಬರೆಯಬೇಕು.

"ಒಂದು ಪ್ರೋಗ್ರಾಂ ಬರೆಯೋಕೆ ಆರು ದಿನಾನಾ ಗುರು? ಸ್ವಲ್ಪ ಕಮ್ಮಿ ಮಾಡೋ."

"ಲೇ, ನಮ್ಮ ಮ್ಯಾನೇಜರ್ ಒಂದು ರಜಾ ಚೀಟಿಗೆ ಸೈನ್ ಹಾಕೋಕೆ ಹತ್ತು ದಿನ ತಗೋತಾರೆ. ನನ್ನ ನಿಯಮ ಎಷ್ಟೋ ವಾಸಿ ಕಣೋ!" ಎಂದು ನಾನು ಗದರುತ್ತಿದ್ದೆ.

ಹೀಗಿರುವಾಗ ಕಾರ್ಖಾನೆಗೆ ನಿಜವಾದ ಕಂಪ್ಯೂಟರ್ ಬಂತು. ಅದಕ್ಕೆ ಏಸಿ ಕೋಣೆ. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋಗಬೇಕು. ಪೂಜೆ ಮಾಡಿ, ಪರದೆಯ ನೆತ್ತಿಗೆ ಕುಂಕುಮ ಹಚ್ಚಿ, ಕೀಬೋರ್ಡಿನ ಆಚೀಚೆ ನಿಂಬೆಹಣ್ಣು ಇಟ್ಟಿದ್ದರು. ನಮ್ಮ ಮ್ಯಾನೇಜರ್ ಮನೆಯ ದೇವರ ಕೋಣೆಗೂ ಅಷ್ಟು ಮಡಿ ಇದ್ದಿರಲಾರದು. ಆ ಕೋಣೆಗೆ ಒಬ್ಬ ಆಪರೇಟರ್ ಬೇಕು, ನಮ್ಮವರಲ್ಲೇ ಒಬ್ಬನಾಗಬೇಕು ಎಂದು ನೋಟಿಸ್ ಹಾಕಿದರು. ಅದನ್ನು ಮೂರು ಸಲ ಓದಿದೆ. ಆ ಕೆಲಸ ಸಿಗದಿದ್ದರೆ ರಿಟೈರ್ ಆಗುವವರೆಗೂ ಗ್ರೀಸೇ ಗತಿ. ಅಷ್ಟು ಆಸೆಪಟ್ಟು ನಾನು ಜೀವನದಲ್ಲಿ ಇನ್ನೇನನ್ನೂ ಬಯಸಿದವನಲ್ಲ.

ಅರ್ಜಿ ಹಾಕಿದವರು ಇಬ್ಬರೇ, ನಾನು ಮತ್ತು ಗೆಳೆಯ. ಸಂದರ್ಶನಕ್ಕೆ ಕೂತ ಮ್ಯಾನೇಜರ್ ಪಾಲಿಗೆ ಕಂಪ್ಯೂಟರ್ ಎಂದರೆ ಟೀವಿಯ ಅಣ್ಣ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಆ ಗೌಡ ನಾನೇ ಎಂದು ಎದೆ ಸೆಟೆಸಿ ಕೂತೆ.

"ಪ್ರೋಗ್ರಾಂ ಅಂದ್ರೆ ಏನಪ್ಪಾ, ಗೊತ್ತಾ?"

"ಗೊತ್ತು ಸಾರ್. ಗೋಡೆ ಒಡೆಯೋಕೆ ಒಂದು, ಕಾವಲು ನಾಯಿ ಮಲಗಿಸೋಕೆ ಒಂದು."

ಅವರು ಕನ್ನಡಕ ಸರಿಮಾಡಿಕೊಂಡರು. "ನಾಯೀನ ಯಾಕಪ್ಪಾ ಮಲಗಿಸ್ಬೇಕು?"

"ಒಳಗೆ ನುಗ್ಗೋಕೆ ಸಾರ್. ಯಾರಿಗೂ ಗೊತ್ತಾಗದ ಹಾಗೆ ಮಾಹಿತಿ ಎತ್ಕೊಂಡು ಬರೋಕೆ."

"ನೀನು ಮಾಡ್ತೀಯಾ ಇದೆಲ್ಲ?"

"ಆರು ದಿನ ಕೊಡಿ ಸಾರ್. ಕವಡೆ ಚೆನ್ನಾಗಿ ಬಿದ್ರೆ ಎಂಥಾ ಗೋಡೆ ಆದ್ರೂ ಒಡೀತೀನಿ."

ಕವಡೆಯ ಮಾತು ಬಾಯಿ ಜಾರಿ ಬಂದದ್ದು. ಅವರು ಅದನ್ನು ಗಮನಿಸಲೇ ಇಲ್ಲ. ಒಡೆಯುವುದನ್ನಷ್ಟೇ ಕಾಗದದಲ್ಲಿ ಬರೆದುಕೊಂಡರು. ನನಗೋ, ಬರೆದುಕೊಳ್ಳುತ್ತಿದ್ದಾರಲ್ಲ ಎಂದು ಹಿಗ್ಗೋ ಹಿಗ್ಗು. ಅಲ್ಲೇ ಇನ್ನೆರಡು ಪ್ರೋಗ್ರಾಂ ಹುಟ್ಟಿಸಿ ಹೇಳಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತು ನನ್ನಂಥ ಮುಠ್ಠಾಳರಿಗಾಗಿಯೇ ಹುಟ್ಟಿದ್ದು.

ಗೆಳೆಯನಿಗೂ ಅದೇ ಪ್ರಶ್ನೆ ಹಾಕಿದರಂತೆ. "ಏನೂ ಗೊತ್ತಿಲ್ಲ ಸಾರ್. ನೀವು ಹೇಳಿದ್ದು ಮಾಡ್ತೀನಿ, ದಿನಾ ಧೂಳು ಒರೆಸ್ತೀನಿ," ಅಂದನಂತೆ. ಕೆಲಸ ಅವನಿಗೆ ಸಿಕ್ಕಿತು.

ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಹೇಳಿದರು: "ನೀನು ಬುದ್ಧಿವಂತ ಕಣಯ್ಯಾ, ಅದೇ ನನಗೆ ಭಯ. ಕುರಿ ಕಾಯೋಕೆ ತೋಳನ್ನ ಬಿಡೋಕಾಗುತ್ತಾ?"

"ಅಯ್ಯೋ, ಅದು ಆಟ ಸಾರ್! ನಾನೇ ಕೂತು ಬರೆದ ಸುಳ್ಳು ನಿಯಮ!"

"ಸಿಕ್ಕಿಬಿದ್ದ ಮೇಲೆ ಎಲ್ರೂ ಹಂಗೇ ಅನ್ನೋದು. ಹೋಗು, ನಿನ್ನ ಕೆಲಸ ನೋಡ್ಕೋ."

ಆವತ್ತು ನಟ್ಟಿನ ಡಬ್ಬಗಳ ಹಿಂದೆ ನಿಂತು ಅತ್ತೆ. ಗೆಳೆಯನ ಮೇಲೆ ಹೊಟ್ಟೆಕಿಚ್ಚಿನಿಂದ ಉರಿದೆ, ಸುಳ್ಳೇಕೆ ಹೇಳಲಿ. ಎರಡು ಭಾನುವಾರ ಅವನು ಮನೆಗೆ ಬಂದರೂ ಇಲ್ಲವೆಂದು ಹೇಳಿಸಿದೆ.

ಆಮೇಲೊಂದು ಬೆಳಗ್ಗೆ ಕಂಪ್ಯೂಟರಿನಿಂದ ಮೊಟ್ಟಮೊದಲ ಕಾಗದ ಹೊರಬಂತು. ಎರಡೂ ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದ. ಮ್ಯಾನೇಜರ್ ಪಕ್ಕದಲ್ಲಿ ನಿಂತು ಹೇಳಿದ್ದನ್ನು ಗೆಳೆಯ ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದನಂತೆ. ಅದನ್ನು ಕೋಣೆಯ ಬಾಗಿಲಿಗೆ ಅಂಟಿಸಿದ್ದರು. ನೋಡಲು ಇಡೀ ಕಾರ್ಖಾನೆ ಸಾಲು ನಿಂತಿತ್ತು. "ಏನ್ ನೀಟಾಗಿ ಬಂದಿದೆ ನೋಡ್ರೋ!" ಎಂದು ಮುಂದಿದ್ದವರು ಬೆರಗಾಗುತ್ತಿದ್ದರು. ಕೋಪ ಎಷ್ಟಿದ್ದರೂ ಆಸೆ ತಡೆಯಲಾಗದೆ ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಈ ಕೋಣೆಗೆ ಪ್ರವೇಶವಿಲ್ಲದವರ ಪಟ್ಟಿ ಎಂದು ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಕೆಳಗೆ ಒಂದೇ ಹೆಸರು, ನನ್ನದು.