ಮಲ್ಸುನ್ ಚಿಕ್ಕಮ್ಮ ಬಚ್ಚಿಟ್ಟ ಎಡಗೈ

ಕಳೆದ ವರ್ಷ ನಮ್ಮ ಬೇಸ್‌ಬಾಲ್ ಕ್ಲಬ್ಬಿಗೆ ನಲವತ್ತು ತುಂಬಿತು. ಸ್ಮರಣ ಸಂಚಿಕೆಗೆ ಬಾಂಗ್ ಮಲ್ಸುನ್ ಅವರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕೇಳಿದರು, ಬರೆದುಕೊಟ್ಟೆ. ಗೊಚಾಂಗ್‌ನ ಬೆಟ್ಟದ ಬುಡದಲ್ಲಿರುವ ನಮ್ಮ ಎರಡನೇ ತಂಡದ ವಸತಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಅಡುಗೆ ಮಾಡಿದವರು, ಅವರ ಮೊಳಕೆಕಾಳಿನ ಸಾರು ಕುಡಿದು ಬೆಳೆದವರಲ್ಲಿ ಹನ್ನೊಂದು ಮಂದಿ ದೇಶಕ್ಕಾಗಿ ಆಡಿದರು, ಹೀಗೆ ಏನೇನೋ. ಪುಸ್ತಕ ಕೈಗೆ ಸಿಕ್ಕ ದಿನವೇ ಅವರು ಹಳ್ಳಿಯಿಂದ ಫೋನು ಮಾಡಿದರು. "ಸಾರಿನ ವಿಚಾರ ಚೆಂದಾಗಿ ಬರ್ದಿದ್ದೀಯ ಕಣೋ ಯೊಮ್," ಎಂದರು. ಅಷ್ಟೇ. ಮೂರು ದಿನ ಆ ಮಾತು ನನ್ನನ್ನು ಮುಳ್ಳಿನಂತೆ ಚುಚ್ಚಿತು. ಸಾರಿನ ವಿಚಾರ ಬಿಟ್ಟು ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಇದನ್ನು ಯಾವ ಸಂಚಿಕೆಯೂ ಅಚ್ಚು ಹಾಕುವುದಿಲ್ಲ.

ಕ್ಲಬ್ಬಿನ ನಿರ್ದೇಶಕರಿಂದ ಹಿಡಿದು ಬಸ್ಸಿನ ಡ್ರೈವರ್‌ವರೆಗೆ ಎಲ್ಲರಿಗೂ ಅವರು ಚಿಕ್ಕಮ್ಮನೇ. ಗಿಡ್ಡ ಮೈಕಟ್ಟು, ಮೊಣಕಾಲಿನವರೆಗೆ ಬರುವ ಗುಲಾಬಿ ಬಣ್ಣದ ರಬ್ಬರ್ ಬೂಟು, ಮೈದಾನದ ಆಚೆ ತುದಿಗೂ ಮುಟ್ಟುವ ಗಂಟಲು. ಮೂವತ್ತಮೂರಕ್ಕೇ ಗಂಡನನ್ನು ಕಳೆದುಕೊಂಡಿದ್ದರು, ಮಕ್ಕಳಿರಲಿಲ್ಲ. ಬೇಸ್‌ಬಾಲ್ ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಎಲ್ಲರೂ ಕೂಗಿದರೆ ತಾವೂ ಕೂಗುತ್ತಿದ್ದರು. ಆದರೆ ಯಾವ ಆಟಗಾರ ಹೇಗಿದ್ದಾನೆ ಎಂಬುದು ಅವರಿಗೆ ತಟ್ಟೆ ನೋಡಿಯೇ ಗೊತ್ತಾಗುತ್ತಿತ್ತು. "ಆ ಮೂರನೇ ಮೇಜಿನವನು ಅನ್ನ ಕೆದಕ್ತಾನೆ ಅಷ್ಟೇ, ತಿನ್ನಲ್ಲ. ಏನೋ ಮುಚ್ಚಿಟ್ಟವ್ನೆ, ಕೇಳ್ನೋಡಿ," ಎನ್ನುತ್ತಿದ್ದರು. ಕೇಳಿದರೆ ಅವನು ಬೆರಳು ಮುರಿದುಕೊಂಡು ಎರಡು ವಾರದಿಂದ ಬಾಯಿಮುಚ್ಚಿಕೊಂಡಿರುತ್ತಿದ್ದ. ಮೊದಮೊದಲು ನಕ್ಕ ಕೋಚುಗಳು ಆಮೇಲೆ ತಾವೇ ಅಡುಗೆಮನೆ ಬಾಗಿಲಿಗೆ ಬಂದು ವಿಚಾರಿಸತೊಡಗಿದರು. ಬೇರೆ ಕ್ಲಬ್ಬಿನವರ ಕಿವಿಗೂ ಈ ಸುದ್ದಿ ಬಿದ್ದಿತ್ತು.

ನಾನು ಎರಡನೇ ತಂಡದ ಮ್ಯಾನೇಜರ್. ಬಸ್ಸು, ಹಾಸಿಗೆ, ವೈದ್ಯರ ಚೀಟಿ, ಪಟ್ಟಿಗಳು, ಇದೇ ನನ್ನ ಕೆಲಸ. ಈ ಕತೆಯೂ ಒಂದು ಪಟ್ಟಿಯದೇ. ಎರಡು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಪ್ರತಿ ಕ್ಲಬ್ಬೂ ತಾನು ಬಿಟ್ಟುಕೊಡದ ಮೂವತ್ತೈದು ಆಟಗಾರರ ಹೆಸರು ಬರೆದುಕೊಡಬೇಕು. ಹೊರಗುಳಿದವರಲ್ಲಿ ತಮಗೆ ಬೇಕಾದವರನ್ನು ಉಳಿದ ಒಂಬತ್ತು ಕ್ಲಬ್ಬುಗಳು ಆರಿಸಿಕೊಂಡು ಹೋಗಬಹುದು. ಹಾಗೆ ಒಯ್ದವನನ್ನು ಮುಂದಿನ ವರ್ಷ ಕೆಲವು ವಾರವಾದರೂ ಮೊದಲ ತಂಡದಲ್ಲಿ ಇಟ್ಟುಕೊಳ್ಳಲೇಬೇಕು. ವರ್ಷಗಟ್ಟಲೆ ಎರಡನೇ ತಂಡದಲ್ಲೇ ಕೊಳೆಯುವವನಿಗೆ ದೊಡ್ಡ ಮೈದಾನದ ಬಾಗಿಲು ತೆರೆಯುವುದು ಎಷ್ಟೋ ಸಲ ಹೀಗೆಯೇ.

ಏಳು ವರ್ಷದ ಹಿಂದೆ ನಮ್ಮಲ್ಲಿ ಹನ್ಸೊಲ್ ಎಂಬ ಎಡಗೈ ಎಸೆತಗಾರ ಇದ್ದ. ಇಪ್ಪತ್ತನಾಲ್ಕು ವಯಸ್ಸು, ಐದು ವರ್ಷದಿಂದ ನಮ್ಮಲ್ಲೇ, ಮೊದಲ ತಂಡದ ಅಂಗಿ ಒಂದು ದಿನವೂ ಹಾಕಿದವನಲ್ಲ. ಮಾತು ಕಡಿಮೆ. ಬಂದ ಮೊದಲ ದಿನ ಊಟಕ್ಕೆ ಕೂತಾಗ ಅವನ ಎಡಮೊಣಕೈ ಪಕ್ಕದವನಿಗೆ ತಗುಲಿ ಬೈಸಿಕೊಂಡಿದ್ದ. ಚಿಕ್ಕಮ್ಮ ಅವನ ರಟ್ಟೆ ಹಿಡಿದು ಎಬ್ಬಿಸಿ ಮೇಜಿನ ಎಡತುದಿಯಲ್ಲಿ ಕೂರಿಸಿ, "ಇದು ನಿನ್ ಜಾಗ. ಯಾವನಾದ್ರೂ ಕೂತ್ರೆ ನಂಗೆ ಹೇಳು," ಎಂದಿದ್ದರು. ಆಮೇಲೆ ಅಲ್ಲಿ ಬೇರೆ ಯಾರೂ ಕೂರಲಿಲ್ಲ. ಅಕ್ಕಿಮೂಟೆ ಇಳಿಸುವುದು, ಗ್ಯಾಸ್ ಸಿಲಿಂಡರ್ ಬದಲಿಸುವುದು ಎಲ್ಲ ಅವನೇ ಮಾಡಿಕೊಡುತ್ತಿದ್ದ.

ಆ ಸೆಪ್ಟೆಂಬರಿನಲ್ಲಿ ಅವನ ಕೈಗೆ ಹೊಸದೊಂದು ಎಸೆತ ಹತ್ತಿತು. ಚೆಂಡು ದಾಂಡಿಗನ ಹತ್ತಿರ ಬಂದು ಮೆಟ್ಟಿಲು ತಪ್ಪಿದ ಹಾಗೆ ದಡಕ್ಕನೆ ಕೆಳಗಿಳಿಯುತ್ತಿತ್ತು. ಮೂರು ಪಂದ್ಯ ಎದುರಾಳಿಗಳು ಗಾಳಿಗೇ ಬೀಸಿದರು. ನಾಲ್ಕನೆಯ ಪಂದ್ಯಕ್ಕೆ ಮೊದಲೇ ನಿರ್ದೇಶಕರು ನನ್ನನ್ನು ಕರೆಸಿದರು.

"ಮೂವತ್ತನಾಲ್ಕು ಹೆಸರು ಆಯ್ತು. ಮೂವತ್ತೈದನೇದು ಹಳೇ ಕ್ಯಾಚರ್‌ಗೆ ಕೊಡಲೇಬೇಕು. ಅವನನ್ನ ಬಿಟ್ರೆ ಅಭಿಮಾನಿಗಳು ಗೇಟು ಮುರಿದು ಒಳಗೆ ಬರ್ತಾರೆ," ಎಂದರು. "ಆ ಎಡಗೈಯವನೂ ಕೈತಪ್ಪಬಾರದು. ಇವತ್ತಿಂದ ಅವನಿಗೆ ಭುಜದ ನೋವು. ಅರ್ಥ ಆಯ್ತಲ್ಲ?"

ಅರ್ಥವಾಗದೇ ಏನು? ಇಂಥ ಬಚ್ಚಿಡುವ ಕೆಲಸ ನಮ್ಮಲ್ಲಿ ಹೊಸದಾಗಿರಲಿಲ್ಲ. "ಮೋಕ್ ಬರ್ತಾನೆ ಸಾರ್," ಎಂದೆ. ಮೋಕ್ ಎಂದರೆ ಬಂದರಿನ ಊರಿನ ಕ್ಲಬ್ಬಿಗೆ ಆಟಗಾರರನ್ನು ಹುಡುಕುವವನು. ಹಿಂದೆ ನಮ್ಮಲ್ಲೇ ಕ್ಯಾಚರ್ ಆಗಿ, ದಾಂಡಿಗನ ಹಿಂದೆ ಕುಕ್ಕರಿಸಿ ಚೆಂಡು ಹಿಡಿಯುತ್ತ, ನಾಲ್ಕು ವರ್ಷ ಚಿಕ್ಕಮ್ಮನ ಅನ್ನ ತಿಂದವನು. "ಅವನು ಕೋಚುಗಳ ಮಾತು ನಂಬಲ್ಲ, ಡಾಕ್ಟರ್ ಚೀಟಿ ನಂಬಲ್ಲ. ಚಿಕ್ಕಮ್ಮ ಹೇಳಿದ್ರೆ ಮಾತ್ರ ನಂಬ್ತಾನೆ."

ನಿರ್ದೇಶಕರು ಚಿಕ್ಕಮ್ಮನ ಹೆಸರೇ ಎತ್ತಿರಲಿಲ್ಲ. ಎತ್ತಿದವನು ನಾನು. ಯಾರೂ ಕೇಳದೆ, ಬುದ್ಧಿವಂತ ಅನ್ನಿಸಿಕೊಳ್ಳುವ ಚಟಕ್ಕೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಅವನನ್ನ ಮೇಲಕ್ಕೆ ಕರೀತೀರಾ ಸಾರ್?" ಎಂದೆ. "ಏಪ್ರಿಲ್‌ನಲ್ಲಿ ನೋಡೋಣ," ಎಂದರು.

ಹನ್ಸೊಲ್‌ಗೆ ವಿಶ್ರಾಂತಿ ಎಂದು ತಿಳಿಸಿದವನೂ ನಾನೇ. "ಸಾರ್, ನಂಗೆ ನೋವೇ ಇಲ್ವಲ್ಲ?" ಎಂದ. "ನೋವು ಬರೋಕೆ ಮುಂಚೇನೇ ಡಾಕ್ಟ್ರಿಗೆ ಗೊತ್ತಾಗುತ್ತಪ್ಪ," ಎಂದೆ. ಅವನು ಬಗ್ಗಿ ನಮಸ್ಕರಿಸಿ ಥ್ಯಾಂಕ್ಸ್ ಹೇಳಿ ಹೋದ.

ಚಿಕ್ಕಮ್ಮ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಮೂಲಂಗಿ ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟರು.

"ಅವನ ಭುಜಕ್ಕೇನಾಗೈತೆ? ನೆನ್ನೆ ನಾಲ್ಕು ಮೂಟೆ ಅಕ್ಕಿ ಅವನೇ ಹೊತ್ಕಂಡ್ ಬಂದ."

"ಏನೂ ಆಗಿಲ್ಲ. ಆಗಿದೆ ಅಂತ ಅನ್ನಬೇಕು, ಈ ಪಟ್ಟಿ ಮುಗಿಯೋವರೆಗೆ. ಇಲ್ದಿದ್ರೆ ಬೇರೆ ಕ್ಲಬ್ಬಿನವರು ಕರ್ಕೊಂಡು ಹೋಗ್ತಾರೆ."

"ಕರ್ಕಂಡೋದ್ರೆ ಹೋಗ್ಲಿ ಬಿಡು! ಎಲ್ಲಾದ್ರೂ ಒಳ್ಳೇದಾಗ್ಲಿ. ಇಲ್ಲೇನು ನೀವು ಅವನಿಗೆ ಸಿಂಹಾಸನ ಹಾಕಿದ್ದೀರಾ? ಐದು ವರ್ಷದಿಂದ ನನ್ ಸಾರೇ ಗತಿ ಅವನಿಗೆ."

ನ್ಯಾಯವಾದ ಮಾತು ಅದೊಂದೇ. ನಾನು ಸುಮ್ಮನಾಗಿ ವಾಪಸ್ಸು ಬರಬೇಕಿತ್ತು. ಬರಲಿಲ್ಲ. ಅಲ್ಲಿ ಅವನಿಗೆ ಯಾರಿದ್ದಾರೆ, ನಾಲ್ಕು ವಾರ ಇಟ್ಟುಕೊಂಡು ಬಿಸಾಕುತ್ತಾರೆ, ಸಿಕ್ಕಿದ್ದು ತಿಂದು ಹಾಳಾಗುತ್ತಾನೆ ಎಂದೆಲ್ಲ ಹೇಳಿದೆ. ಊಟದ ಮಾತು ಬಂದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. "ಇಲ್ಲೇ ಇದ್ರೆ ಏಪ್ರಿಲ್‌ನಲ್ಲಿ ಮೊದಲ ತಂಡಕ್ಕೆ ಕರೀತಾರೆ ಚಿಕ್ಕಮ್ಮ," ಎಂದೆ.

"ಯಾರು ಹೇಳಿದ್ದು?"

"ನಿರ್ದೇಶಕರೇ."

"ಮಾತು ಕೊಡ್ತೀಯಾ ನೀನು?"

"ಕೊಟ್ಟೆ."

ನಿರ್ದೇಶಕರು ಹೇಳಿದ್ದು ನೋಡೋಣ ಎಂದು. ಅಧಿಕಾರಿಗಳ ಬಾಯಲ್ಲಿ ನೋಡೋಣ ಎಂದರೆ ಏನೆಂದು ಇಪ್ಪತ್ತು ವರ್ಷ ನೌಕರಿ ಮಾಡಿದ ನನಗೆ ಗೊತ್ತಿಲ್ಲವೆ? ಗೊತ್ತಿದ್ದೂ ಅದನ್ನು ಕರೀತಾರೆ ಎಂದು ತಿರುಗಿಸಿ ಆ ಹೆಂಗಸಿನ ಕೈಯಲ್ಲಿಟ್ಟೆ.

ಮೋಕ್ ಬಂದದ್ದು ಚಳಿಗಾಲಕ್ಕೆ ಕಿಮ್ಚಿ ಹಾಕುವ ದಿನ. ಆರುನೂರು ಕೋಸು. ಹಿಂದಿನ ದಿನವೇ ಉಪ್ಪುನೀರಲ್ಲಿ ನೆನೆಸಿದ್ದನ್ನು ಅಂಗಳದಲ್ಲಿ ರಾಶಿ ಹಾಕಿಕೊಂಡು, ಇಡೀ ತಂಡ ಕೆಂಪು ರಬ್ಬರ್ ಗ್ಲೌಸು ತೊಟ್ಟು ಎಲೆ ಎಲೆಗೂ ಖಾರ ಸವರುತ್ತ ಕೂತಿತ್ತು. ಹನ್ಸೊಲ್ ಎರಡೆರಡು ಬುಟ್ಟಿ ಒಟ್ಟಿಗೇ ಹೊತ್ತು ಓಡಾಡುತ್ತಿದ್ದ. ಗೇಟಿನಲ್ಲಿ ಮೋಕ್‌ನ ಕಾರು ಕಂಡಿತು. ಚಿಕ್ಕಮ್ಮ ನನಗಿಂತ ಮೊದಲೇ ನೋಡಿದ್ದರು.

"ಏ ಹನ್ಸೊಲ್, ಉಗ್ರಾಣಕ್ಕೆ ಹೋಗಿ ಬೆಳ್ಳುಳ್ಳಿ ಸುಲಿ ಹೋಗು. ನಾನು ಕರೆಯೋವರ್ಗೂ ಈಚೆಗೆ ಬರ್ಬೇಡ."

ಅವನು ಯಾಕೆ ಎಂದು ಕೇಳದೆ ಹೋದ. ಮೋಕ್ ಒಣಗಿಸಿದ ಪರ್ಸಿಮನ್ ಹಣ್ಣಿನ ಡಬ್ಬಿ ತಂದಿದ್ದ. ಪ್ರತಿ ವರ್ಷವೂ ಅದನ್ನೇ ತರುತ್ತಿದ್ದ. ಚಿಕ್ಕಮ್ಮನಿಗೆ ಅದು ಇಷ್ಟ ಎಂದು ನೆನಪಿಟ್ಟುಕೊಂಡವನು ಅವನೊಬ್ಬನೇ.

"ಏನ್ಲಾ ಇದು ಹೊಟ್ಟೆ! ಕ್ಯಾಚರ್ ಆಗಿದ್ದಾಗ ದಿನವಿಡೀ ಕುಕ್ಕರುಗಾಲಲ್ಲಿ ಕೂತಿರ್ತಿದ್ದೆ. ಈಗ ಕೂತ್ರೆ ಎಬ್ಸಕ್ಕೆ ಇಬ್ರು ಬೇಕು."

"ನೀವೇ ಬೆಳ್ಸಿದ ಹೊಟ್ಟೆ ಚಿಕ್ಕಮ್ಮ. ಬೇಡ ಅಂದ್ರೆ ವಾಪಸ್ ತಗೊಳ್ಳಿ."

ಚಿಕ್ಕಮ್ಮ ಬಿಸಿಬಿಸಿ ಹಂದಿಮಾಂಸದ ತುಂಡನ್ನು ಹೊಸ ಕಿಮ್ಚಿಯ ಎಲೆಯಲ್ಲಿ ಸುತ್ತಿ ತಮ್ಮ ಕೈಯಾರೆ ಅವನ ಬಾಯಿಗಿಟ್ಟರು. ಅವನು ಅಗಿಯುತ್ತಲೇ ಕೇಳಿದ. "ಆ ಎಡಗೈ ಹುಡುಗ ಕಾಣಿಸ್ತಿಲ್ಲ? ಭುಜ ಅಂತಿದ್ರು. ನಿಜಾನಾ ಚಿಕ್ಕಮ್ಮ, ಇಲ್ಲ ಇವರ ಆಟಾನಾ?"

ನಾನು ಹೇಳಿಕೊಟ್ಟದ್ದು ಭುಜ ನೋಯುತ್ತದಂತೆ ಎಂದಷ್ಟೇ. ಚಿಕ್ಕಮ್ಮ ಇನ್ನೊಂದು ತುತ್ತು ಸುತ್ತುತ್ತ, ಮುಖ ಎತ್ತದೆ, "ಪಾಪ ಕಣ್ಲಾ. ಊಟದ ಕಡ್ಡಿ ಹಿಡಿಯಕ್ಕಾಗಲ್ಲ ಅವನಿಗೆ," ಎಂದರು. "ಬಲಗೈಲಿ ಚಮಚ ಹಿಡ್ಕಂಡು ಮಗು ಥರ ಚೆಲ್ಲಾಡ್ಕಂಡ್ ತಿಂತಾನೆ. ಮೀನು ಮಾಡಿದ್ ದಿನ ನಾನೇ ಮುಳ್ಳು ಬಿಡಿಸಿ ಕೊಡ್ತೀನಿ."

ಮೋಕ್ ಅಗಿಯುವುದನ್ನು ನಿಲ್ಲಿಸಿದ. "ಅಷ್ಟೊಂದಾ?" ಎಂದ. ಅವನ ಮುಖ ಸಪ್ಪಗಾಯಿತು. ಮತ್ತೆ ಕೇಳಲಿಲ್ಲ.

ಕಾರು ಹೊರಟುಹೋದ ಮೇಲೆ ಚಿಕ್ಕಮ್ಮ ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದರು. "ಬಾಯಿಗೆ ತುತ್ತಿಡ್ತಾ ಸುಳ್ಳು ಹೇಳ್ದೆ ಕಣೋ ಯೊಮ್. ಇಷ್ಟು ವರ್ಷದಲ್ಲಿ ಇದೇ ಮೊದಲು," ಎಂದರು. ನಾನು ನಕ್ಕು, "ಏಪ್ರಿಲ್‌ವರೆಗೆ ತಡ್ಕೊಳ್ಳಿ," ಎಂದೆ.

ಪಟ್ಟಿ ಗುಟ್ಟಿನದು ಎನ್ನುತ್ತಾರೆ. ಆದರೆ ವಸತಿಯ ಬಚ್ಚಲುಮನೆಯಲ್ಲಿ ಯಾವ ಗುಟ್ಟೂ ಅರ್ಧ ದಿನ ಬಾಳುವುದಿಲ್ಲ. ಆಯ್ಕೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಹನ್ಸೊಲ್‌ಗೆ ಎಲ್ಲ ಗೊತ್ತಾಗಿತ್ತು. ನಾನು ಅಡುಗೆಮನೆಯಲ್ಲೇ ಇದ್ದೆ. ಅವನು ತಟ್ಟೆ ಹಿಡಿದುಕೊಂಡು ಬಂದು ನಿಂತು, "ನಮ್ಮೋರು ಮೂವತ್ತೈದರಲ್ಲಿ ಬರ್ದಿರ್ಲಿಲ್ವಂತೆ ಚಿಕ್ಕಮ್ಮ. ಹೊರಗೆ ಒಂಬತ್ತು ಕ್ಲಬ್ಬು. ಒಂದಕ್ಕೂ ಬೇಡ್ವಂತೆ," ಎಂದ. ನಗಲು ನೋಡಿದ. "ಸೆಪ್ಟೆಂಬರ್‌ನಲ್ಲಿ ಚೆನ್ನಾಗಿ ಹಾಕ್ದೆ ಅಂತ ನಾನೊಬ್ನೇ ಅಂದ್ಕೊಂಡಿದ್ದೆ ಅನ್ಸುತ್ತೆ."

ನಾವು ಅವನನ್ನು ಉಳಿಸಿಕೊಂಡೆವು ಎಂದು ಬೀಗಿದ್ದೆವಲ್ಲ, ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಯಾರಿಗೂ ಬೇಡದವನು ನಾನು ಎಂದು ಅವನು ತಿಳಿಯಬಹುದು ಎಂಬುದು ನಿರ್ದೇಶಕರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಚಿಕ್ಕಮ್ಮ ಸೌಟು ಹಿಡಿದು ನಿಂತೇ ಇದ್ದರು. ಆಮೇಲೆ ಅವನ ತಟ್ಟೆಗೆ ಅನ್ನ ಬಡಿಸಿದರು, ಮತ್ತೆ ಬಡಿಸಿದರು, ಅವನು ಸಾಕು ಎಂದರೂ ಬಡಿಸಿದರು.

ಏಪ್ರಿಲ್ ಬಂತು. ಮೊದಲ ತಂಡಕ್ಕೆ ಬೇರೆಲ್ಲಿಂದಲೋ ಅನುಭವಿ ಎಡಗೈಯವನೊಬ್ಬನನ್ನು ತಂದರು. ಚಿಕ್ಕಮ್ಮ ಮೊದಲ ವಾರ ಕೇಳಿದರು, ಮೂರನೇ ವಾರ ಕೇಳಿದರು. ಮೇ ತಿಂಗಳಲ್ಲಿ ಕೇಳಿದಾಗ, "ನೋಡೋಣ ಅಂದಿದ್ದಾರೆ," ಎಂದುಬಿಟ್ಟೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿ ಒಳಗೆ ಹೋದರು. ಮತ್ತೆ ಕೇಳಲಿಲ್ಲ. ನನಗೆ ಊಟ ಬಡಿಸುವುದನ್ನೇನೂ ನಿಲ್ಲಿಸಲಿಲ್ಲ, ಎಲ್ಲರಿಗೂ ಹಾಕಿದಷ್ಟೇ ನನಗೂ ಹಾಕಿದರು. ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಹನ್ಸೊಲ್‌ನ ಭುಜ ಕಲ್ಲಿನ ಹಾಗಿತ್ತು. ಹೋದದ್ದು ಧೈರ್ಯ. ತಪ್ಪು ಮಾಡಿದವನು ಕ್ಷಮೆ ಕೇಳುವ ಹಾಗೆ ಚೆಂಡೆಸೆಯುತ್ತಿದ್ದ. ಆ ಜಾರುವ ಎಸೆತ ಹತ್ತಕ್ಕೆ ಎರಡು ಬಿದ್ದರೆ ಹೆಚ್ಚು. ಆಗಸ್ಟ್ ಹೊತ್ತಿಗೆ ಹತ್ತೊಂಬತ್ತರ ಹುಡುಗರೂ ಅವನನ್ನು ಹಿಂದೆ ಹಾಕಿದರು. ಅಕ್ಟೋಬರಿನಲ್ಲಿ ಕೈಬಿಡುವವರ ಪಟ್ಟಿ ಬಂತು. ಅದರಲ್ಲಿ ಅವನ ಹೆಸರು ಟೈಪ್ ಮಾಡಿದ್ದು ನನ್ನ ಬೆರಳುಗಳೇ.

ಅದೇ ವಾರ ಮೋಕ್ ಇನ್ಯಾರನ್ನೋ ನೋಡಲು ಬಂದವನು ಸಾರು ಕುಡಿಯುತ್ತ ಹೇಳಿದ. "ಅಯ್ಯೋ ಪಾಪ, ಅವನನ್ನ ಬಿಟ್ರಾ? ಹೋದ ವರ್ಷ ನನ್ನ ಹಾಳೇಲಿ ಎಲ್ಲರಿಗಿಂತ ಮೇಲೆ ಅವನ ಹೆಸರೇ ಇತ್ತು ಚಿಕ್ಕಮ್ಮ. ನೀವು ಹೇಳಿದ ಮೇಲೆ ಹೊಡೆದು ಹಾಕ್ದೆ. ನಿಮ್ಮಿಂದ ನಮ್ಮ ಕ್ಲಬ್ಬು ಉಳೀತು." ಉಪಕಾರ ಹೊತ್ತವನ ದನಿಯಲ್ಲಿ ಹೇಳಿದ. ಚಿಕ್ಕಮ್ಮ ಒಲೆ ಆರಿಸಿ ಹಿತ್ತಲಿಗೆ ಹೋದರು. ಅವತ್ತು ಮಧ್ಯಾಹ್ನದ ಊಟ ಒಂದು ಗಂಟೆ ತಡವಾಯಿತು. ಅಂಥದ್ದು ನಾನು ಕಂಡಂತೆ ಅದೊಂದೇ ಸಲ.

ಹನ್ಸೊಲ್ ಹೊರಟ ಬೆಳಿಗ್ಗೆ ನಾನು ಅವನ ಸಹಿ ಬೇಕಾದ ಕಾಗದ ಹಿಡಿದು ಊಟದ ಮನೆಗೆ ಹೋದೆ. ಅವನು ತನ್ನ ಎಡತುದಿಯ ಜಾಗದಲ್ಲೇ ಕೂತಿದ್ದ. ಚಿಕ್ಕಮ್ಮ ಎದುರಿಗೆ ಕೂತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡರೂ ಮಾತು ನಿಲ್ಲಿಸಲಿಲ್ಲ.

"ನಿನಗೆ ಅನ್ಯಾಯ ಮಾಡಿದ್ದು ನಾನು ಕಣಪ್ಪ. ನಿನ್ನ ಕೈ ಬಿದ್ದೋಗೈತೆ ಅಂತ ಮೋಕ್‌ಗೆ ಸುಳ್ಳು ಹೇಳ್ದೆ. ಕಿಮ್ಚಿ ಹಾಕಿದ್ ದಿನ, ನಿನ್ನ ಉಗ್ರಾಣದಲ್ಲಿ ಕೂರಿಸ್ಬುಟ್ಟು. ನನ್ನ ಹೊಟ್ಟೇಲಿ ಹುಟ್ಟಿದ್ದು ಒಂದೂ ಇಲ್ಲ, ನೀನು ಇಲ್ಲೇ ಇರ್ಲಿ ಅಂತ ಆಸೆ. ಯಾರೂ ಹೇಳಿಕೊಟ್ಟಿದ್ದಲ್ಲ. ನಾನೇ ಮಾಡ್ದೆ."

ಹನ್ಸೊಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಬೈಯುತ್ತಾನೆ, ತಟ್ಟೆ ಎಸೆಯುತ್ತಾನೆ ಎಂದುಕೊಂಡೆ. ಎಸೆದರೆ ಸಾಕು ಎಂದೂ ಅನ್ನಿಸಿತು.

"ಹಾಗಾದ್ರೆ ಮೋಕ್ ಅಣ್ಣ ನನ್ನ ಹೆಸರು ಬರ್ಕೊಂಡಿದ್ರಾ?" ಎಂದ.

"ಬರ್ಕಂಡಿದ್ದ. ಎಲ್ಲರಿಗಿಂತ ಮೇಲೆ."

"ಎಲ್ಲರಿಗಿಂತ ಮೇಲಾ?" ಅವನ ಕಣ್ಣು ತುಂಬಿ ಬಂತು. ಅಳುತ್ತಲೇ ನಗುತ್ತಿದ್ದ. "ಯಾರಿಗೂ ಬೇಡ ಅಂದ್ಕೊಂಡಿದ್ದೆ ಚಿಕ್ಕಮ್ಮ. ಇಡೀ ವರ್ಷ."

ಎದ್ದು ನೆಲಕ್ಕೆ ಹಣೆ ಹಚ್ಚಿ ಅವರಿಗೆ ನಮಸ್ಕಾರ ಮಾಡಿದ. ಆಮೇಲೆ ನನ್ನ ಹತ್ತಿರ ಬಂದು ಎರಡೂ ಕೈಯಲ್ಲಿ ಕಾಗದ ತೆಗೆದುಕೊಂಡು ಸಹಿ ಹಾಕಿ, ನನಗೂ ಸೊಂಟ ಬಗ್ಗಿಸಿದ. "ನೀವು ನನ್ನ ಬಗ್ಗೆ ತುಂಬ ಕಾಳಜಿ ತಗೊಂಡ್ರಿ ಸಾರ್. ಮರೆಯಲ್ಲ," ಎಂದ.

ಬಗ್ಗಿದ ಅವನ ಬೆನ್ನಿನ ಮೇಲಿಂದ ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನೊಂದು ಮಾತು ಹೇಳುತ್ತೇನೆಂದು ಕಾಯುತ್ತಿದ್ದರು, ಅಷ್ಟೇ.

"ಬಸ್ಸಿಗೆ ಹೊತ್ತಾಯ್ತು, ಬೇಗ ಹೊರಡಪ್ಪ," ಎಂದೆ.