ತೆರೆಯ ಕೆಳಗಂಚಿನ ಹೆಸರು

ಜಾರ್ಜಿಯಾ ಕರಾವಳಿಯ ಕಪ್ಪು ಜನರ ದುಡಿಮೆಯನ್ನೂ ಮಾತನ್ನೂ ಸಾಕ್ಷ್ಯಚಿತ್ರಗಳಲ್ಲಿ ಹಿಡಿದಿಟ್ಟವರ ನಡುವೆ ಮಿಸೆಸ್ ವರ್ನೀಸ್ ಗ್ಯಾಡ್ಸನ್ ಅವರದು ಮೊದಲ ಪಂಕ್ತಿಯ ಸ್ಥಾನ. ಅವರ ಇಪ್ಪತ್ತಾರು ಚಿತ್ರಗಳ ವಿಷಯವನ್ನೂ, ಸವಾನಾದ ನಮ್ಮ ಸಾರ್ವಜನಿಕ ದೂರದರ್ಶನ ಕೇಂದ್ರವನ್ನು ಹದಿನಾಲ್ಕು ವರ್ಷ ಮುಖ್ಯಸ್ಥೆಯಾಗಿ ನಡೆಸಿದ ಪರಿಯನ್ನೂ ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಬಲ್ಲವರು ಬರೆದಿದ್ದಾರೆ. ಅವರ ಚಿತ್ರಗಳ ಸಂಕಲನಕಾರನಾಗಿ, ಪಕ್ಕದ ಕುರ್ಚಿಯಲ್ಲಿ ಕೂತು ಮನಸಾರೆ ಬೈಸಿಕೊಂಡವನು ನಾನು, ಕ್ಲೈಡ್ ಮ್ಯಾನಿಗೋ. ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ಅವರು ಎಂಥವರೆಂದು ನನಗೆ ತಿಳಿದದ್ದು ಅದರಿಂದಲೇ.

ಗ್ಯಾಡ್ಸನ್ ಅವರು 1981ರಲ್ಲಿ ಕೇಂದ್ರಕ್ಕೆ ಬಂದಾಗ ನಿರ್ಮಾಣ ವಿಭಾಗದಲ್ಲಿ ಕಪ್ಪು ಹೆಂಗಸು ಅವರೊಬ್ಬರೇ. ಕೆಲಸವೂ ವರ್ಷವರ್ಷದ ಗುತ್ತಿಗೆಯದು. ಆದರೂ ಬಂದ ದಿನದಿಂದಲೇ ತಮ್ಮದೊಂದು ಪದ್ಧತಿ ಹಿಡಿದರು. ಚಿತ್ರದಲ್ಲಿ ಕಾಣಿಸಿಕೊಂಡವರು ಅದನ್ನು ಮೊದಲು ನೋಡಿ ಒಪ್ಪಬೇಕು, ಆಮೇಲೆಯೇ ಪ್ರಸಾರ. ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯ ಊಟದ ಹಾಲ್‌ನಲ್ಲಿ ಟೀವಿ ಇಟ್ಟು ತೋರಿಸುವುದು, ನಂತರ ಎಲ್ಲರೂ ಕೂತು ಟೊಮ್ಯಾಟೊ ಹಾಕಿದ ಕೆಂಪನ್ನ, ಹುರಿದ ಮೀನು ತಿನ್ನುವುದು. "ಮುಖ ಅವರದು, ಮಾತು ಅವರದು. ನಾವು ಬರೀ ಹೊರೋರು ಕಣೋ ಕ್ಲೈಡ್" ಎನ್ನುತ್ತಿದ್ದರು. ಆ ದೈತ್ಯ ಟೀವಿಯನ್ನು ನಿಜವಾಗಿ ಹೊತ್ತು ಮೆಟ್ಟಿಲಿಳಿಯುತ್ತಿದ್ದವನು ಮಾತ್ರ ನಾನು.

ಅವರ ಎರಡನೆಯ ಚಿತ್ರ, ಏಡಿ ಕಾರ್ಖಾನೆಯಲ್ಲಿ ಚಿಪ್ಪೊಡೆದು ಮಾಂಸ ಬಿಡಿಸುತ್ತಿದ್ದ ಹೆಂಗಸರನ್ನು ಕುರಿತದ್ದು. ಹಿಂದೊಮ್ಮೆ ಆ ಹೆಂಗಸರೆಲ್ಲ ಚಾಕು ಕೆಳಗಿಟ್ಟು ಹನ್ನೊಂದು ದಿನ ಕೆಲಸ ನಿಲ್ಲಿಸಿದ್ದರು. ಅದನ್ನು ಮುಂದೆ ನಿಂತು ನಡೆಸಿದವರಲ್ಲಿ ಬದುಕುಳಿದಿದ್ದವರು ಎಪ್ಪತ್ತೆಂಟರ ಮಿಸೆಸ್ ಹೆನ್ರಿಯೆಟ್ಟಾ ಬೋವೆನ್ಸ್ ಒಬ್ಬರೇ. ಅವರಿಲ್ಲದಿದ್ದರೆ ಚಿತ್ರವೇ ಇಲ್ಲ.

ಅದನ್ನು ತೋರಿಸಿದ ಭಾನುವಾರ ಊಟದ ಹಾಲ್ ಜನರಿಂದ ತುಂಬಿತ್ತು. ತೆರೆಯ ಮೇಲೆ ಮಿಸೆಸ್ ಬೋವೆನ್ಸ್ ಅವರ ಮುಖ ಬಂತು. ಕೆಳಗಂಚಿನಲ್ಲಿ ನಾನೇ ಟೈಪು ಮಾಡಿದ ಅಕ್ಷರಗಳು ಬಂದವು: ಹೆನ್ರಿಯೆಟ್ಟಾ ಬೋವೆನ್ಸ್, ಕಾರ್ಖಾನೆ ಕೆಲಸಗಾರ್ತಿ. ಹೆಂಗಸರ ಕೈಯ ಬೀಸಣಿಗೆಗಳೆಲ್ಲ ಒಮ್ಮೆಲೇ ನಿಂತವು. ಮುಂದಿನ ಸಾಲಿನಲ್ಲಿದ್ದ ಮಿಸೆಸ್ ಬೋವೆನ್ಸ್ ಕೈಚೀಲ ಎತ್ತಿಕೊಂಡು ಎದ್ದು ಗ್ಯಾಡ್ಸನ್ ಅವರ ಕಡೆ ತಿರುಗಿದರು.

"ಏ ಹುಡುಗಿ, ನಿಲ್ಸು ಅದನ್ನ. ಆ ಹೆಸರು ಬರೆದೋನು ಯಾರು?"

ನಾನು ಕೈ ಎತ್ತಿದೆ.

"ನಿಮ್ಮಜ್ಜಿ ನಂಗೆ ಗೊತ್ತು ಕಣೋ. ಅವಳು ನಿಂಗೆ ಇದನ್ನೇ ಕಲಿಸಿದ್ದಾ? ಮೂವತ್ತೊಂದು ವರ್ಷ ಆ ಬಿಳಿ ಫೋರ್‌ಮನ್ ನನ್ನ ಹೆಟ್ಟಿ ಹೆಟ್ಟಿ ಅಂತ ಕೂಗ್ದ. ಅವನ ಮಗ, ಮೂಗು ಒರೆಸ್ಕೊಳ್ಳೋಕೆ ಬರ್ದೇ ಇರೋನು, ಅವನೂ ಹೆಟ್ಟಿ ಅಂದ. ಮಿಸೆಸ್ ಅಂತ ನನ್ನ ಕರೆದಿದ್ದು ಈ ಚರ್ಚೊಂದೇ. ಈಗ ಇಡೀ ಊರಿನ ಮುಂದೆ ಅದನ್ನೂ ಕಿತ್ಕೊತೀರಾ? ನನ್ನ ಮಾತು ನಂಗೆ ವಾಪಸ್ ಕೊಡಿ. ನಾನು ನಿಮ್ಮ ಚಿತ್ರದಲ್ಲಿಲ್ಲ."

ನಾಚಿಕೆಯಿಂದ ನನಗೆ ನೆಲ ಬಾಯ್ಬಿಡಬಾರದೇ ಎನಿಸಿತು. ಬಾಯಲ್ಲಿ ಅವರನ್ನು ಎಂದೂ ಬರಿಹೆಸರಿನಿಂದ ಕರೆದವನಲ್ಲ. ಕರೆದಿದ್ದರೆ ನಮ್ಮಜ್ಜಿ ಕಿವಿ ಕಿತ್ತು ಕೈಗೆ ಕೊಡುತ್ತಿದ್ದಳು. ಆದರೆ ಕೇಂದ್ರದ ನಿಯಮಪುಸ್ತಕ ಯಾರಿಗೂ ಗೌರವಪದ ಬೇಡವೆಂದಿತ್ತು, ಬೆರಳು ಅದನ್ನು ಪಾಲಿಸಿತ್ತು. ಗ್ಯಾಡ್ಸನ್ ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ತಪ್ಪು ನಂದು ಮಿಸೆಸ್ ಬೋವೆನ್ಸ್. ನೋಡ್ದೇ ತಂದೆ. ಸರಿ ಮಾಡ್ದೇ ಇದು ಎಲ್ಲೂ ಹೋಗಲ್ಲ" ಎಂದರು. ನನ್ನ ತಪ್ಪನ್ನು ಅವರು ಹೀಗೆ ಹೊತ್ತುಕೊಂಡದ್ದನ್ನು ಇಂದಿಗೂ ಮರೆತಿಲ್ಲ.

ಮರುದಿನ ಬೆಳಿಗ್ಗೆ ಆಗಿನ ಮುಖ್ಯಸ್ಥರ ಕೋಣೆಗೆ ಇಬ್ಬರೂ ಹೋದೆವು. ಟೇಪು ಗ್ಯಾಡ್ಸನ್ ಅವರ ಕಂಕುಳಲ್ಲಿತ್ತು.

"ಸೆನೆಟರ್‌ಗೂ ನಾವು ಬರಿಹೆಸರೇ ಹಾಕೋದು. ಇವರಿಗೇನು ವಿಶೇಷ?" ಎಂದರು ಅವರು.

"ಸೆನೆಟರ್‌ನ ಯಾರೂ ಬರಿಹೆಸರಿಂದ ಕೂಗಿ ಏಡಿ ಬುಟ್ಟಿ ಹೊರಿಸಿಲ್ಲ, ಸಾರ್."

"ಗುರುವಾರ ಪ್ರಸಾರ ಇದೆ, ವರ್ನೀಸ್. ನಿನ್ನ ಗುತ್ತಿಗೆ ಮುಗಿಯೋದು ಮುಂದಿನ ತಿಂಗಳು. ಯೋಚನೆ ಮಾಡು."

"ಮಾಡಿದ್ದೀನಿ. ಮಿಸೆಸ್ ಇಲ್ದೇ ಈ ಟೇಪು ನನ್ನ ಕೈ ಬಿಟ್ಟು ಹೋಗಲ್ಲ."

ಬುಧವಾರ ಸಂಜೆಯವರೆಗೂ ಗ್ಯಾಡ್ಸನ್ ಅವರು ಟೇಪು ಬಿಡಲಿಲ್ಲ. ಕೊನೆಗೆ ಮುಖ್ಯಸ್ಥರು "ಇದೊಂದಕ್ಕೆ ಮಾತ್ರ" ಎಂದು ಸೋತರು. ಗುರುವಾರ ನಾವು ಮಿಸೆಸ್ ಬೋವೆನ್ಸ್ ಅವರ ಮನೆಯಲ್ಲೇ ಕೂತು ನೋಡಿದೆವು. ಕೆಳಗಂಚಿನಲ್ಲಿ ಮಿಸೆಸ್ ಹೆನ್ರಿಯೆಟ್ಟಾ ಬೋವೆನ್ಸ್ ಎಂದು ಬಂದಾಗ ಅವರು ಕನ್ನಡಕ ಒರೆಸಿಕೊಂಡರು. ಚಿತ್ರ ಮುಗಿದ ಮೇಲೆ, ಅಲ್ಲಿಯವರೆಗೆ "ಏ ಹುಡುಗಿ" ಎಂದೇ ಕೂಗುತ್ತಿದ್ದವರು ಬಾಗಿಲ ಬಳಿ ನಿಂತು, ತಮಗಿಂತ ನಲವತ್ತೈದು ವರ್ಷ ಚಿಕ್ಕವರಿಗೆ "ಬನ್ನಿ ಮಿಸೆಸ್ ಗ್ಯಾಡ್ಸನ್, ಊಟ ಮಾಡಿ" ಎಂದರು. ನಾನಿನ್ನೂ ಕ್ಲೈಡೇ ಆಗಿದ್ದೆ, ಅಷ್ಟಕ್ಕೇ ಅರ್ಹನಾಗಿದ್ದೆ.

ಮುಂದಿನ ತಿಂಗಳು ಗ್ಯಾಡ್ಸನ್ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಎರಡು ವರ್ಷ ಮದುವೆ, ಶವಸಂಸ್ಕಾರಗಳ ವಿಡಿಯೊ ತೆಗೆದು ಬದುಕಿದರು. ನನ್ನ ತಾಯಿ ತೀರಿಕೊಂಡಾಗ ಕ್ಯಾಮೆರಾ ಹಿಡಿದು ತಾವಾಗಿಯೇ ಬಂದರು. ಆ ಟೇಪಿನಲ್ಲಿ ಅಮ್ಮನ ಹೆಸರು ಹೇಗಿರಬೇಕೋ ಹಾಗಿದೆ. ಹೊಸ ಮುಖ್ಯಸ್ಥರು ಬಂದಾಗ ಅವರನ್ನು ಮರಳಿ ಕರೆದರು. ಕಾಲಕ್ರಮದಲ್ಲಿ ಆ ಕುರ್ಚಿ ಇವರದೇ ಆಯಿತು.

ಅಲ್ಲಿ ಕೂತು ಹೊರಡಿಸಿದ ಮೊದಲ ಆಜ್ಞೆ: ಮೇಯರ್ ಇರಲಿ, ಮೀನು ಮಾರುವವರಿರಲಿ, ಕ್ಯಾಮೆರಾ ಮುಂದೆ ಕೂತವರಿಗೆ ಒಂದು ಕಾರ್ಡು ಕೊಡಬೇಕು, ತಮ್ಮ ಹೆಸರು, ಕೆಲಸ ಹೇಗೆ ಕಾಣಬೇಕೆಂದು ಅವರೇ ಬರೆಯಬೇಕು. ಒಬ್ಬರು 'ಡಾಕ್ಟರ್' ಎಂದು ಬರೆದರು. ಅವರು ಡೋಲು ಬಾರಿಸುವವರು. ಊರು ಕರೆಯುವುದೇ ಹಾಗೆ, ಪ್ರಸಾರವಾದದ್ದೂ ಹಾಗೆಯೇ.

ಈಗ ಸೀಗಡಿ ದೋಣಿಯವರ ಮೇಲೆ ಇಪ್ಪತ್ತೇಳನೆಯ ಚಿತ್ರಕ್ಕೆ ಓಡಾಡುತ್ತಿದ್ದಾರೆ. ನಿವೃತ್ತಿಯಂತೆ, ಯಾರಿಗೆ ಹೇಳುತ್ತಾರೋ! ಅವರ ಕಣ್ಣು, ಕಾಲು, ಆ ಗದರುವ ಗಂಟಲು ಇನ್ನೂ ಬಹುಕಾಲ ಗಟ್ಟಿಯಾಗಿರಲಿ. ಈಗಿನ ಟೀವಿ ಹಗುರ, ಮೆಟ್ಟಿಲಿಳಿಸಲು ನಾನಿದ್ದೇನೆ.

ಬೀಳ್ಕೊಡುಗೆಯ ಕಿರುಚಿತ್ರಕ್ಕೆಂದು ಮೊದಲ ಬಾರಿ ಅವರೇ ಕ್ಯಾಮೆರಾ ಮುಂದೆ ಕೂತರು. ನಿಯಮದಂತೆ ನಾನು ಕಾರ್ಡು ಕೊಟ್ಟೆ. ಹೆಸರಿನ ಸಾಲಿನಲ್ಲಿ 'ಮಿಸೆಸ್ ವರ್ನೀಸ್ ಗ್ಯಾಡ್ಸನ್' ಎಂದು ಬರೆದರು. ಕೆಲಸದ ಸಾಲಿನಲ್ಲಿ ನಿರ್ದೇಶಕಿ ಎಂದಾಗಲಿ ಮುಖ್ಯಸ್ಥೆ ಎಂದಾಗಲಿ ಇರಲಿಲ್ಲ. 'ಮಿಸೆಸ್ ಬೋವೆನ್ಸ್ ಹೀಗೆ ಕರೆದರು' ಎಂದಿತ್ತು. ಒಂದಕ್ಷರವನ್ನೂ ಬದಲಿಸದೆ ಟೈಪು ಮಾಡಿದೆ.