ಹೋದವರ ಹೆಸರು ಬರೆದಿಟ್ಟ ಸಿಸ್ಟರಮ್ಮ

ಸಿಸ್ಟರಮ್ಮನ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಯಾವಾಗಲೂ ನೀಲಿ. ಹೆಸರು, ತಿಂಗಳು, ಊರು, ಫೋನ್ ನಂಬರು ಎಂದು ಬಾಲ್‌ಪೆನ್ನಿನಲ್ಲಿ ಬರೆದು ಬರೆದು ಅಲ್ಲಿ ಚರ್ಮವೇ ಕಾಣುತ್ತಿರಲಿಲ್ಲ. ಸಂಜೆ ಅಂಗಳದಲ್ಲಿ ಕುಳಿತು ಅದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿ, ಆಮೇಲೆ ಸೀಗೆಪುಡಿ ಹಾಕಿ ಕೈ ತಿಕ್ಕುತ್ತಿದ್ದರು. ತೆಲಂಗಾಣದ ಮಕ್ತಲ್ ಸೀಮೆಯ ನಮ್ಮ ಊರಿಗೂ ಸುತ್ತಲಿನ ನಾಲ್ಕು ಊರಿಗೂ ಅವರೊಬ್ಬರೇ ಸರಕಾರಿ ನರ್ಸು. ನಾನು ಅವರ ಕೈಕೆಳಗಿನ ಆಶಾ ಕಾರ್ಯಕರ್ತೆ. ಹತ್ತನೇ ತರಗತಿ ಪಾಸಾದ ಸೊಸೆ ಎಂಬ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ದೀಪಾವಳಿ ಮುಗಿದರೆ ನಮ್ಮ ಊರು ಅರ್ಧ ಖಾಲಿ. ಮೇಸ್ತ್ರಿಗಳು ಗುಂಪು ಕಟ್ಟಿ ಜನರನ್ನು ಕಟ್ಟಡದ ಕೆಲಸಕ್ಕೆಂದು ಪುಣೆಗೆ, ಹೈದರಾಬಾದಿಗೆ ಕರೆದೊಯ್ಯುತ್ತಾರೆ. ಹೊರಡುವ ದಿನ ಸಿಸ್ಟರಮ್ಮ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತುಬಿಡುತ್ತಿದ್ದರು. "ಯಾವೂರಿಗಿ ಹೊಂಟೀರಿ? ಎಷ್ಟು ತಿಂಗಳಿಗಿ? ಬಸುರಿ ಯಾರದೀರಿ?" ಎಂದು ಕೇಳಿ, ರಕ್ತದ ಗುಂಪು ಗೊತ್ತಿಲ್ಲದವರ ಬೆರಳು ಚುಚ್ಚಿ ನೋಡಿ, ಎಲ್ಲವನ್ನೂ ಕೈಮೇಲೆ ಬರೆದುಕೊಂಡ ನಂತರವೇ ಕಾಲು ತೆಗೆಯುತ್ತಿದ್ದರು. ಡ್ರೈವರ್ ಹಾರ್ನ್ ಹೊಡೆದರೆ ತೆಲುಗಿನಲ್ಲಿ ಬೈಗುಳ ಬೀಳುತ್ತಿತ್ತು. "ಪೊಲೀಸ್ ಆಗಬೇಕಿತ್ರಿ ನೀವು" ಎಂದು ಗಂಡಸರು ನಗುತ್ತಿದ್ದರು. ನನಗೂ ಅದು ಅತಿಯಾಯಿತು ಅನ್ನಿಸುತ್ತಿತ್ತು.

ನನ್ನ ರಿಜಿಸ್ಟರಿಗೆ ಒಂದು ಕ್ರಮವಿತ್ತು. ಆರು ತಿಂಗಳು ಮೀರಿ ಊರಲ್ಲಿಲ್ಲದವರ ವಿವರವನ್ನೆಲ್ಲ ಕೊನೆಯಲ್ಲಿರುವ ವಲಸೆಯ ಪುಟಕ್ಕೆ ಇಳಿಸಬೇಕು. ನನಗೆ ಸೋಮಾರಿತನ. ತಪಾಸಣೆಗೆ ಬರುವವರ ಕಣ್ಣಿಗೆ ಚೊಕ್ಕಟವಾಗಿ ಕಾಣಲೆಂದು ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದು ಹೆಸರುಗಳನ್ನೇ ಹೊಡೆದುಹಾಕಿದೆ. ಅವರಲ್ಲಿ ಬಾವಿಯ ಪಕ್ಕದ ಮನೆಯ ಮಗಳೊಬ್ಬಳಿದ್ದಳು. ಗಟ್ಟು ಕಡೆಯ ಊರಿಗೆ ಮದುವೆ ಮಾಡಿಕೊಟ್ಟಿದ್ದ ಹುಡುಗಿ. ಮದುವೆಯಾದ ತಿಂಗಳಿಗೇ ಗಂಡನೊಡನೆ ನಮ್ಮೂರ ಗುಂಪಿನಲ್ಲೇ ಪುಣೆಗೆ ಹೋಗಿದ್ದಳು. ಗದ್ವಾಲದಲ್ಲಿ ಆಟೋ ಓಡಿಸುತ್ತ, ಹೆಂಡತಿ ಮಕ್ಕಳೊಂದಿಗೆ ಅಲ್ಲೇ ನೆಲೆಸಿದ್ದ ನಮ್ಮ ಓಣಿಯ ಒಬ್ಬನೂ ಇದ್ದ. ಇವರೆಲ್ಲ ಇನ್ನು ನಮ್ಮೂರಿನವರಲ್ಲ ಎಂದು ತೀರ್ಮಾನಿಸಿದವಳು ನಾನೇ.

ಸಿಸ್ಟರಮ್ಮ ಪುಟ ತಿರುವಿ ನೋಡಿದರು.

"ಇವರು ಸತ್ತಾರೇನು?"

"ಇಲ್ರಿ ಸಿಸ್ಟರಮ್ಮ. ಹೋಗ್ಯಾರ."

"ಸತ್ತೋರಿಗೂ ಹೋದೋರಿಗೂ ಒಂದೇ ಗೆರಿ ಎಳೆದ್ರ ಹೆಂಗ ತಂಗಿ? ಹೋದೋರು ಬರ್ತಾರ. ತಿರುಗಿ ಬರಿ."

ನಾಳೆ ಬರೆದರಾಯಿತು ಎಂದುಕೊಂಡೆ. ಬರೆಯಲಿಲ್ಲ.

ಶ್ರಾವಣದ ಒಂದು ಮುಂಜಾನೆ ಬಾವಿಯ ಪಕ್ಕದ ಮನೆಯಾಕೆ ಏದುಸಿರು ಬಿಡುತ್ತ ನನ್ನ ಬಾಗಿಲಿಗೆ ಬಂದಳು. ಮಗಳು ಚೊಚ್ಚಲ ಹೆರಿಗೆಗೆಂದು ಹಿಂದಿನ ಸಂಜೆಯಷ್ಟೇ ಪುಣೆಯಿಂದ ತವರಿಗೆ ಬಂದಿದ್ದಳಂತೆ. ಈಗ ರಕ್ತ ನಿಲ್ಲುತ್ತಿಲ್ಲ. ನಾನು ರಿಜಿಸ್ಟರ್ ತೆಗೆದೆ. ಪುಣೆಯಲ್ಲಿ ಮಾಡಿಸಿದ್ದ ಬಸುರಿ ಕಾರ್ಡು ಅಲ್ಲಿನ ಶೆಡ್ಡಿನಲ್ಲೇ ಉಳಿದಿತ್ತು, ಅತ್ತೆಯ ಊರಿನಲ್ಲಿ ಹೆಸರು ಬರೆಸಿರಲೇ ಇಲ್ಲ, ನಮ್ಮಲ್ಲಿದ್ದದ್ದು ನನ್ನ ಕೆಂಪು ಗೆರೆ. ವಿವರದ ಮೇಲೆಲ್ಲ ಎರಡೆರಡು ಸಲ ಎಳೆದಿದ್ದೆ. ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಸಿಸ್ಟರಮ್ಮನನ್ನು ಕರೆಯಲು ಓಡಿದೆ.

ಸಿಸ್ಟರಮ್ಮ ಬಂದು ಒಮ್ಮೆ ನೋಡಿದರು, ಆ್ಯಂಬುಲೆನ್ಸ್ ಕರೆಸಿದರು, ತಮ್ಮ ನೋಟ್‌ಬುಕ್ ಬಿಚ್ಚಿದರು. ಹುಡುಗಿಯ ಗುಂಪು ಓ ನೆಗೆಟಿವ್. ಗಾಡಿಯಲ್ಲಿ ಕುಳಿತೇ ಗದ್ವಾಲದ ದವಾಖಾನೆಗೆ ಫೋನ್ ಮಾಡಿದರು. ಆ ಗುಂಪಿನ ರಕ್ತ ಸದ್ಯಕ್ಕಿಲ್ಲ, ಹೊರಗಿನಿಂದ ತರಿಸಬೇಕು ಎಂದರು ಅಲ್ಲಿನವರು. ಸಿಸ್ಟರಮ್ಮ ಹಾಳೆ ತಿರುವಿದರು. ಇನ್ನೊಂದು, ಮತ್ತೊಂದು. ಹುಡುಗಿಯ ತುಟಿ ಬಿಳಚಿಕೊಳ್ಳುತ್ತಿತ್ತು. ಕೊನೆಗೆ ಅವರ ಬೆರಳು ಅದೇ ಗುಂಪಿನ ಒಂದು ಸಾಲಿನ ಮೇಲೆ ನಿಂತಿತು: ನಾನು ಹೊಡೆದುಹಾಕಿದ್ದ ಆ ಆಟೋದವನು. ಅವನಿಗೆ ಫೋನ್ ಹಚ್ಚಿದರು.

"ಎಲ್ಲಿದ್ರೂ ದವಾಖಾನಿಗಿ ಬಾರಪ್ಪ. ನಮ್ಮೂರ ಹುಡುಗಿ. ನಿನ್ನ ರಕ್ತನೇ ಬೇಕು."

ಜೂರಾಲ ಡ್ಯಾಮಿನ ಮೇಲೆ ಗಾಡಿ ನಿಂತುಹೋಯಿತು. ಗೇಟು ಎತ್ತಿದ್ದರು, ನೀರು ನೋಡಲು ಬಂದ ಜನ, ಬೈಕು, ಜೋಳದ ತೆನೆ ಸುಡುವವರ ಬಂಡಿಗಳಿಂದ ದಾರಿಯೇ ಇರಲಿಲ್ಲ. ಸೈರನ್ ಕೂಗಿದರೂ ನೀರಿನ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಸಿಸ್ಟರಮ್ಮ ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಜರಗಂಡಿ, ಜರಗಂಡಿ" ಎನ್ನುತ್ತ, ಬೈಕುಗಳನ್ನು ತಾವೇ ಪಕ್ಕಕ್ಕೆ ತಳ್ಳುತ್ತ ಮುಂದೆ ನಡೆದರು. ಆ ಸೇತುವೆ ಮುಗಿಯುವಷ್ಟರಲ್ಲಿ ನಾನು ಹುಡುಗಿಯ ನಾಡಿಯನ್ನು ಎಷ್ಟು ಸಲ ಹುಡುಕಿದೆನೋ. ಒಮ್ಮೆ ಸಿಗಲೇ ಇಲ್ಲ. ನಾನೇ ಕೊಂದೆ ಎಂದುಕೊಂಡೆ.

ಆಟೋದವನು ನಮಗಿಂತ ಮೊದಲೇ ಬಂದು ನಿಂತಿದ್ದ. ಪರೀಕ್ಷೆ ಮಾಡಿ ಅವನ ರಕ್ತ ತೆಗೆದುಕೊಂಡರು. ಮಧ್ಯಾಹ್ನ ಕಳೆದ ಮೇಲೆ ಡಾಕ್ಟರು ಹೊರಗೆ ಬಂದು, ತಾಯಿ ಉಳಿದಳು, ಹೆಣ್ಣು ಮಗು, ಅದೂ ಚೆನ್ನಾಗಿದೆ ಎಂದರು.

ಹುಡುಗಿಯ ತಾಯಿ ಅಳುತ್ತಲೇ ಕೇಳಿದಳು, "ನನ್ನ ಮಗಳ ರಕ್ತದ ಗುಂಪು ನಿಮಗ ಹೆಂಗ ಗೊತ್ತಾತ್ರಿ?"

ಸಿಸ್ಟರಮ್ಮ ನನ್ನ ಕಡೆ ನೋಡಲೂ ಇಲ್ಲ. "ನಿಮ್ಮ ಆಶಾ ಬರೆದಿಟ್ಟಿದ್ಲು" ಎಂದರು.

ಆಕೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಬರುವಾಗ ಬಸ್ಸಿನಲ್ಲಿ ಕೇಳಿದೆ, "ಯಾಕ ಸುಳ್ಳು ಹೇಳಿದ್ರಿ?"

"ನಾಳೆ ಆ ಓಣ್ಯಾಗ ನೀನು ಕಾಲಿಡಬೇಕಲ್ಲ? ನಿನ್ನ ಮ್ಯಾಲ ನಂಬಿಗಿ ಹೋದ್ರ ಮುಂದಿನ ಬಸುರಿ ಯಾರ ಬಲ್ಲಿ ಹೋಗಬೇಕು?" ಆಮೇಲೆ, "ಇವತ್ತು ರಾತ್ರಿ ಮಲಗಬ್ಯಾಡ. ಎಲ್ಲಾ ಹೆಸರು ಬರಿ" ಎಂದರು. ಬರೆದೆ. ಅಂದಿನಿಂದ ಪ್ರತಿ ದೀಪಾವಳಿಗೆ ಬಸ್ಸಿನ ಮೆಟ್ಟಿಲ ಮೇಲೆ ಅವರ ಪಕ್ಕದಲ್ಲಿ ನಾನೂ ನಿಂತೆ.

ನಿವೃತ್ತಿಯಾದ ಮೇಲೆ ಸಿಸ್ಟರಮ್ಮ ನಾರಾಯಣಪೇಟೆಗೆ ಹೋದರು. ಹೋದ ವರ್ಷ ಅಲ್ಲೇ ಎದೆನೋವಿನಿಂದ ತೀರಿಕೊಂಡರು. ಕಡೆಯ ದರ್ಶನಕ್ಕೆ ಅವರ ಮನೆಯ ಮುಂದೆ ಸೇರಿದ್ದವರಲ್ಲಿ ಹಬ್ಬಕ್ಕೆಂದು ಪುಣೆಯಿಂದ ಬಂದಿದ್ದ ಆ ಹುಡುಗಿಯೂ ಇದ್ದಳು. ನನ್ನನ್ನು ಕಂಡವಳೇ ಮಗಳನ್ನು ಮುಂದೆ ತಂದು, "ಈ ಅಕ್ಕ ನಮ್ಮ ಹೆಸರು ಬರೆದಿಟ್ಟಿದ್ಲು, ಅದಕ್ಕ ನಾವು ಉಳಿದ್ವಿ. ಕಾಲಿಗಿ ಬೀಳವ್ವ" ಎಂದಳು.

ಮಗು ಬಾಗಿತು. ನಾನು ಹಿಂದೆ ಸರಿದೆ. ಇಷ್ಟು ವರ್ಷ ನುಂಗಿದ್ದು ಅವತ್ತು ನುಂಗಲಾಗಲಿಲ್ಲ.

"ನಾ ಬರೆದಿಲ್ಲವ್ವ. ನೀನು ಊರು ಬಿಟ್ಟಿ ಅಂತ ನಿನ್ನ ಹೆಸರು ಹೊಡೆದುಹಾಕಿದಾಕಿ ನಾನು. ಬರೆದಾಕಿ ಅಲ್ಲಿ ಮಲಗ್ಯಾಳ."

ಆಕೆ ನನ್ನ ಮುಖವನ್ನೇ ನೋಡಿದಳು. ಬೈಯಲಿ ಎಂದು ಕಾದೆ. ಆಕೆ ಮಗಳ ಕೈ ಹಿಡಿದುಕೊಂಡು, ತಗ್ಗಿದ ದನಿಯಲ್ಲಿ ಕೇಳಿದಳು, "ಈಗ ಐತೇನಕ್ಕಾ, ನಮ್ಮ ಹೆಸರು?"

"ಐತವ್ವ" ಎಂದೆ. "ಇಬ್ಬರದೂ ಐತಿ."